ಮಾರದ ಬಂದೂಕಿನ ಕಾವಲು

ಆಗದ ಮಾತು ಎಂದವರು ನಮ್ಮತ್ತೆ. ಮುದ್ದೆ ತಿರುವುತ್ತಿದ್ದವರು ಕೋಲನ್ನು ಪಾತ್ರೆಯ ಅಂಚಿಗೆ ಒಮ್ಮೆ ಕುಟ್ಟಿ, ನನ್ನ ಕಡೆ ತಿರುಗದೆಯೇ ಹೇಳಿದರು: "ಈ ದೇಶ್ದೋರು ಕೋವಿ ಮಾರೋದ ಬುಡೋದೂ ಒಂದೇ, ನೀನು ಡಿಗ್ರಿ ತಗಳೋದೂ ಒಂದೇ ಕಣಮ್ಮಿ. ಎಲ್ಡೂ ಆಗದ್ ಮಾತು. ಬಾ, ಬಿಸಿ ಇರೋವಾಗ್ಲೇ ಉಣ್ಣು."

ಅದನ್ನು ಅವರು ಹೊಟ್ಟೆಕಿಚ್ಚಿಗೆ ಹೇಳಿದ್ದಲ್ಲ, ಸಮಾಧಾನಕ್ಕೆ ಹೇಳಿದ್ದು. ನಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ಇನ್ನು ಮೇಲೆ ಬಂದೂಕು ಮಾರುವುದಿಲ್ಲವಂತೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಬಂದೂಕಿನ ಕೌಂಟರು ಹೋದರೆ ನನ್ನ ಸಂಜೆಯ ಪಾಳಿ ಹೋಗುತ್ತದೆ, ಪಾಳಿ ಹೋದರೆ ಫೀಸಿಗೆ ದಾರಿಯಿಲ್ಲ, ಕಾಲೇಜು ಹೋಗುತ್ತದೆ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಪೇಚಾಡುತ್ತಿದ್ದೆ. ಅಂಗಡಿಯವರು ಮಾರುವುದನ್ನು ನಿಲ್ಲಿಸುವುದೂ ಇಲ್ಲ, ಹೇಗೂ ನಿನಗೆ ಡಿಗ್ರಿ ಬರುವುದೂ ಇಲ್ಲ, ಮತ್ತೆ ಯಾಕೆ ಚಿಂತೆ ಎನ್ನುವುದು ಅತ್ತೆಯ ಲೆಕ್ಕ. ಆ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ನಮ್ಮ ತೌರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಅದುವರೆಗೆ ಕಾಲೇಜಿನ ಮೆಟ್ಟಿಲು ಹತ್ತಿ ಡಿಗ್ರಿ ಹಿಡಿದು ಇಳಿದವರು ಒಬ್ಬರೂ ಇರಲಿಲ್ಲ. ಅಪ್ಪ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದವರು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಮದುವೆಯಾದವಳು. ಅತ್ತೆಯಂತೂ ಹೆಬ್ಬೆಟ್ಟು ಒತ್ತುವವರು.

ಮಂಡ್ಯ ಸೀಮೆಯಿಂದ ನಾವು ಸ್ಯಾನ್ ಹೋಸೆ ಹತ್ತಿರದ ಮಾರ್ಗನ್ ಹಿಲ್ ಎಂಬ ಊರಿಗೆ ಬಂದದ್ದು ಗಂಡನ ಅಕ್ಕನ ಕೈ ಹಿಡಿದುಕೊಂಡು. ಅವರು ನರ್ಸಾಗಿ ಮೊದಲೇ ಬಂದಿದ್ದವರು, ಕಾಗದ ಪತ್ರ ಮಾಡಿಸಿ ತಮ್ಮನನ್ನು ಕರೆಸಿಕೊಂಡರು. ಗಂಡ ಐಟಿಐ ಮಾಡಿದ್ದ ಮಿಷಿನಿಸ್ಟು. ಸ್ಯಾನ್ ಹೋಸೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಗಳು ಹುಟ್ಟಿದ ಮೇಲೆ ಅತ್ತೆಯೂ ಬಂದರು. ಆಗ ಮಾರ್ಗನ್ ಹಿಲ್ ಅಂದರೆ ಚೆರ್ರಿ ತೋಟ, ಅಣಬೆ ಬೆಳೆಯುವ ಶೆಡ್ಡುಗಳು, ಆ ಶೆಡ್ಡುಗಳ ಗೊಬ್ಬರದ ವಾಸನೆ, ನಡುನಡುವೆ ಹೊಸದಾಗಿ ಏಳುತ್ತಿದ್ದ ಮನೆಗಳು. ಎರಡೂ ಕಡೆ ಗುಡ್ಡ. ಗುಡ್ಡದ ತುಂಬ ಜಿಂಕೆ, ಕಾಡುಹಂದಿ. ಅರ್ಧಕ್ಕೆ ಬಿಟ್ಟ ಓದನ್ನು ಅಲ್ಲಿ ಪರೀಕ್ಷೆ ಕಟ್ಟಿ ಮುಗಿಸಿ ಕಾಲೇಜು ಸೇರಿದ್ದೆ. ಬೆಳಿಗ್ಗೆ ಗಂಡನ ಕಾರಿನಲ್ಲಿ ಫ್ರೀವೇ ಹಿಡಿದು ಸ್ಯಾನ್ ಹೋಸೆಯ ಕಾಲೇಜಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಬಸ್ಸಿನಲ್ಲಿ ಹಿಂದಿರುಗಿ ಅಂಗಡಿಗೆ. ಮಗಳು ಅತ್ತೆಯ ಕೈಯಲ್ಲಿ.

ಅಂಗಡಿ ಎಂದರೆ ನಮ್ಮೂರಿನ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಸಂತೆ ಮಾಳದಷ್ಟು ಅಗಲ, ಮೇಲೊಂದು ಚಪ್ಪಟೆ ಸೂರು. ತಟ್ಟೆ ಲೋಟದಿಂದ ಹಿಡಿದು ಕಾರಿನ ಟೈರಿನವರೆಗೆ ಎಲ್ಲವೂ ಒಂದೇ ಸೂರಿನ ಕೆಳಗೆ. ಇಂಥವು ದೇಶದ ತುಂಬ ಇದ್ದವು, ನಮ್ಮದು ಅದರಲ್ಲೊಂದು. ಮೊದಲ ಸಲ ಒಳಗೆ ಹೋದಾಗ ಎಳೆ ಮಕ್ಕಳ ಬಟ್ಟೆಯ ಸಾಲಿನಲ್ಲಿ ಮಗಳಿಗೊಂದು ಟೋಪಿ ಹುಡುಕುತ್ತಾ ಹಿಂದಿನ ಗೋಡೆಯ ತನಕ ಹೋಗಿ ಬಲಕ್ಕೆ ತಿರುಗಿದೆ. ಎದುರಿಗೆ ಗಾಜಿನ ಕಪಾಟು. ಒಳಗೆ ಕಬ್ಬಿನ ಜಲ್ಲೆ ಒರಗಿಸಿಟ್ಟ ಹಾಗೆ ಬಂದೂಕುಗಳು. ಕೆಳಗೆ ಗುಂಡಿನ ಪೆಟ್ಟಿಗೆಗಳು, ಬೆಂಕಿಪೊಟ್ಟಣ ಪೇರಿಸಿದಂತೆ. ನನ್ನ ಕೈಯಲ್ಲಿ ಹಳದಿ ಬಣ್ಣದ ಕೂಸಿನ ಟೋಪಿ. ಯಾರೂ ಬೆಚ್ಚಿಬೀಳುತ್ತಿರಲಿಲ್ಲ. ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಅದರ ಮುಂದೆಯೇ ದಾಟಿ ಹೋದಳು.

ನಮ್ಮ ಹೋಬಳಿಗೆಲ್ಲ ಇದ್ದದ್ದು ಒಂದೇ ಕೋವಿ, ಪಟೇಲರ ಮನೆಯದು. ವರ್ಷಕ್ಕೊಂದು ಸಲ ಆಯುಧಪೂಜೆಯ ದಿನ ಅದನ್ನು ಜಗಲಿಯ ಹಲಗೆಯ ಮೇಲೆ ಇಡುತ್ತಿದ್ದರು. ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ನಾವು ಮಕ್ಕಳು ಬಾಯಲ್ಲಿ ಪುರಿ ತುಂಬಿಕೊಂಡು ದೂರದಲ್ಲಿ ನಿಂತು ನೋಡುತ್ತಿದ್ದೆವು. ಹತ್ತಿರ ಹೋಗಲು ಧೈರ್ಯವಿಲ್ಲ, ಬಿಟ್ಟು ಹೋಗಲು ಮನಸ್ಸಿಲ್ಲ. ಬಂದೂಕಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಅಂಥವಳು ಅದೇ ಅಂಗಡಿಯಲ್ಲಿ ಅದೇ ಕಪಾಟಿನ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಲ್ಲುತ್ತೇನೆ ಎಂದು ಯಾರಾದರೂ ಹೇಳಿದ್ದರೆ ಅದೂ ಆಗದ ಮಾತೇ.

ಕೆಲಸ ಕೇಳಲು ಹೋದದ್ದು ಬಟ್ಟೆ ವಿಭಾಗಕ್ಕೆ. ಅಲ್ಲಿ ಸಂಜೆ ಜಾಗ ಖಾಲಿ ಇರಲಿಲ್ಲ, ಬೆಳಿಗ್ಗೆ ನನಗೆ ಕಾಲೇಜು. ಸಂಜೆಗೆ ಖಾಲಿ ಇದ್ದದ್ದು ಆ ಕೌಂಟರು ಒಂದೇ. ಮ್ಯಾನೇಜರು ಬಿಳಿ ಹುಬ್ಬಿನ, ನಿಧಾನ ಮಾತಿನ ಮನುಷ್ಯ. ನನ್ನ ಮುಖ ನೋಡಿ ಹೇಳಿದರು: "ನಿನಗೆ ಬಂದೂಕಿನ ಹುಚ್ಚಿಲ್ಲ. ಇಲ್ಲಿ ನಿಲ್ಲಲು ಅದೇ ದೊಡ್ಡ ಅರ್ಹತೆ."

ಆ ಕೌಂಟರಿಗೆ ಒಂದು ನಿಯಮವಿತ್ತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಪಾಟಿನಲ್ಲಿ ಒಂದೇ ಒಂದು ಬಂದೂಕು ಇದ್ದರೂ ಸರಿ, ಅಂಗಡಿಯ ಬಾಗಿಲು ತೆರೆದಿರುವಷ್ಟು ಹೊತ್ತು ಜವಾಬ್ದಾರಿಯವರೊಬ್ಬರು ಅಲ್ಲಿ ನಿಂತಿರಲೇಬೇಕು. ಬೀಗಕ್ಕೆ ಎರಡೇ ಕೈ. ಒಂದು ಬೆಳಗಿನ ಪಾಳಿಯವನದು. ಇನ್ನೊಂದು ಮ್ಯಾನೇಜರದು, ಸಂಜೆ ಅವರ ಬದಲು ನಿಲ್ಲುವವಳು ನಾನಾದ್ದರಿಂದ ಅದನ್ನು ನನಗೇ ಕೊಟ್ಟುಬಿಟ್ಟಿದ್ದರು.

ಬೆಳಗಿನವನಿಗೆ ಎದೆಯವರೆಗೆ ಗಡ್ಡ. ಬೇಟೆಗಾರ. ನಾನು ಕೌಂಟರಿನ ಕೆಳಗೆ ಗಣಿತದ ಪುಸ್ತಕ ಇಡುವುದನ್ನು ನೋಡಿದ ದಿನದಿಂದ ನನ್ನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದ. ಯಾವ ಗುಂಡು ಯಾವುದಕ್ಕೆ, ಕೊಳ್ಳಲು ಬಂದವನ ಯಾವ ಗುರುತಿನ ಚೀಟಿ ನೋಡಬೇಕು, ಪಿಸ್ತೂಲಾದರೆ ಎರಡು ವಾರ ಕಾಯಿಸಬೇಕು, ರೈಫಲ್ಲಾದರೆ ಕಾಗದ ತುಂಬಿಸಿಕೊಂಡು ಆ ಸಂಜೆಯೇ ಕೊಡಬಹುದು, ಎಲ್ಲ ಅವನೇ ಕಲಿಸಿದ್ದು.

"ಅದೇ ಸಂಜೆಯೇ?" ಎಂದಿದ್ದೆ ನಾನು.

"ಹೌದು ಪ್ರೊಫೆಸರ್. ಜಿಂಕೆ ಎರಡು ವಾರ ಕಾಯುತ್ತಾ?"

ಆ ವರ್ಷದ ಆಯುಧಪೂಜೆ ಬಂತು. ಬೆಳಿಗ್ಗೆಯೇ ಗಂಡ ಕಾರು ತೊಳೆದು ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟರು. ಅಪಾರ್ಟ್‌ಮೆಂಟಿನ ಪಕ್ಕದ ಮನೆಯಾಕೆ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕುಳಿತು ನೋಡಿದಳು. ಒಳಗೆ ಅತ್ತೆ ಮಣೆ ಹಾಕಿ ಒಂದೊಂದಾಗಿ ಮಡಗುತ್ತಿದ್ದರು: ಈಳಿಗೆ ಮಣೆ, ಚಾಕು, ಕತ್ತರಿ, ಗಂಡನ ಅಳತೆ ಸಾಮಾನು, ಕೊನೆಗೆ ಅವರದೇ ಮುದ್ದೆ ಕೋಲು.

"ನಿನ್ ಆಯ್ದ ಎಲ್ಲಮ್ಮಿ?"

ನಾನು ಕಾಲೇಜಿನ ದಪ್ಪ ಪುಸ್ತಕ ತಂದೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ ಪಕ್ಕಕ್ಕೆ ಸರಿಸಿದರು.

"ಇದು ನಿನ್ ಆಯ್ದ ಆಯ್ತದೋ ಇಲ್ವೋ ಆಮೇಲ್ ನೋಡಾವ. ಈಗ ನಿಂಗೆ ಸಂಬಳ ಕೊಡ್ಸೋದು ಯಾವ್ದು?"

ಹಾಗೆಂದು ಗೂಟಕ್ಕೆ ನೇತುಹಾಕಿದ್ದ ಅಂಗಡಿಯ ಏಪ್ರನ್ನಿನಿಂದ ಬೀಗದಕೈ ಬಿಚ್ಚಿಕೊಂಡು ಚಾಕುವಿನ ಪಕ್ಕ ಮಡಗಿ, ಅರಿಶಿನ ಹಚ್ಚಿ ಕುಂಕುಮವಿಟ್ಟರು. ನನಗೂ ಅದೇ ಸರಿ ಅನ್ನಿಸಿತು.

ಮಗಳು ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು, "ಅಜ್ಜಿ, ವೈ ಡಸ್ ದ ಕೀ ಹ್ಯಾವ್ ಕುಂಕುಮ?"

ಅತ್ತೆಗೆ ಅರ್ಥವಾದದ್ದು ಎರಡು ಮಾತು. ಅಷ್ಟು ಸಾಕಾಯಿತು. "ಅದ್ಕೂ ಇವತ್ತು ರಜಾ ಕಣವ್ವ. ವರ್ಷೆಲ್ಲ ದುಡಿದಿಲ್ವಾ?"

ಮಧ್ಯಾಹ್ನ ಅಂಗಡಿಗೆ ಹೊರಟು ಬೀಗದಕೈಗೆ ಕೈ ಚಾಚಿದೆ. ಅತ್ತೆ ನನ್ನ ಮಣಿಕಟ್ಟನ್ನೇ ಹಿಡಿದುಕೊಂಡರು.

"ಪೂಜೆಗೆ ಮಡಗಿದ್ದ ಎತ್ಬಾರ್ದು. ನಾಳೆ ಬೆಳಿಗ್ಗೆ ತಗೋ."

"ಅತ್ತೆ, ಕೆಲಸಕ್ಕೆ ಬೇಕು."

"ನಮ್ಮಪ್ಪ ಇವತ್ತು ನೇಗಿಲ ಮುಟ್ತಿರ್ನಿಲ್ಲ. ನಿಮ್ಮಪ್ಪ ಕೊಪ್ಪರಿಗೆ ಒಲೆ ಮೇಲೆ ಮಡಗ್ತಿದ್ನಾ? ಏಳು."

ಅಪ್ಪ ಇಡುತ್ತಿರಲಿಲ್ಲ, ನಿಜ. ಆಯುಧಪೂಜೆಯ ದಿನ ನಮ್ಮ ಆಲೆಮನೆಯ ಒಲೆ ತಣ್ಣಗಿರುತ್ತಿತ್ತು. ಬೆಳಗಿನವನ ಹತ್ತಿರ ಇನ್ನೊಂದು ಕೈ ಇದೆಯಲ್ಲ, ಅದನ್ನೇ ಇಸಿದುಕೊಂಡರಾಯಿತು ಎಂದುಕೊಂಡು ಹೊರಟೆ. ಹೋಗಿ ನೋಡಿದರೆ ಅವನು ಕೌಂಟರನ್ನು ಮ್ಯಾನೇಜರಿಗೆ ಒಪ್ಪಿಸಿ, ಅರ್ಧ ದಿನ ರಜೆ ಹಾಕಿ ಬೇಟೆಗೆಂದು ಗುಡ್ಡ ಹತ್ತಿಬಿಟ್ಟಿದ್ದ, ಬೀಗದಕೈ ಸಮೇತ.

ಅಲ್ಲಿ ನಿಂತಿದ್ದ ಮ್ಯಾನೇಜರು ಕೇಳಿದರು: "ನಿನ್ನ ಬೀಗದಕೈ ಎಲ್ಲಿ?"

"ದೇವರ ಮುಂದೆ ಇದೆ ಸರ್."

"ಸರ್ ಅನ್ನಬೇಡ. ಯಾವಾಗ ಬರುತ್ತದೆ?"

"ನಾಳೆ ಬೆಳಿಗ್ಗೆ. ಅದೂ ನಮ್ಮತ್ತೆ ಬಿಟ್ಟರೆ."

ಅವರು ಕಪಾಟನ್ನು ನೋಡಿದರು, ನನ್ನನ್ನು ನೋಡಿದರು. "ನನಗೂ ಒಬ್ಬರು ಅತ್ತೆ ಇದ್ದರು," ಎಂದರು. ಹೋಗಿಬಿಟ್ಟರು.

ಹೀಗೆ ಆ ಸಂಜೆ ಬೀಗ ಹಾಕಿದ ಕಪಾಟಿನ ಮುಂದೆ ನಿಂತೆ. ಬಂದವರಿಗೆಲ್ಲ ನಾಳೆ ಬನ್ನಿ ಎಂದೆ. ಇಬ್ಬರು ಗೊಣಗಿದರು, ಒಬ್ಬ ನಕ್ಕ. ಹೊತ್ತು ಇಳಿಯುವಾಗ ಒಬ್ಬ ಬಂದ. ನನ್ನದೇ ವಯಸ್ಸಿನವನು, ಅಣಬೆ ಶೆಡ್ಡಿನ ಕೆಲಸದವನಿರಬೇಕು, ಬೂಟಿಗೆ ಗೊಬ್ಬರ ಮೆತ್ತಿತ್ತು. ಯಾವುದು, ಎಂಥದು ಎಂದು ಏನೂ ಕೇಳಲಿಲ್ಲ. "ಒಂದು ರೈಫಲ್. ಈಗಲೇ ಬೇಕು," ಎಂದ. ಬೇಟೆಗೆ ಹೋಗುವವರು ಹಾಗೆ ಕೇಳುವುದಿಲ್ಲ. ಅವರು ನೂರು ಪ್ರಶ್ನೆ ಕೇಳುತ್ತಾರೆ, ಕೈಯಲ್ಲಿ ಹಿಡಿದು ನೋಡುತ್ತಾರೆ, ಹರಟುತ್ತಾರೆ. ಇವನ ಕೈ ಗಾಜಿನ ಮೇಲಿತ್ತು. ಯಾವ ಬಂದೂಕನ್ನೂ ಅವನು ನೋಡುತ್ತಿರಲಿಲ್ಲ.

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಬೀಗದಕೈ ಮನೆಯಲ್ಲಿದೆ. ನಮ್ಮತ್ತೆ ಅದನ್ನು ದೇವರ ಮುಂದೆ ಇಟ್ಟಿದ್ದಾರೆ. ಇವತ್ತು ನಮ್ಮ ಜನ ಕೆಲಸದ ಸಾಮಾನನ್ನೆಲ್ಲ ತೊಳೆದು, ಕೈಮುಗಿದು, ಒಂದು ದಿನ ಮುಟ್ಟದೆ ಬಿಡುತ್ತೇವೆ.

ಅವನು ನನ್ನ ಮುಖವನ್ನೇ ನೋಡಿದ. ಗೇಲಿ ಮಾಡುತ್ತಿದ್ದಾಳೋ ಎಂದು ಅಳೆಯುತ್ತಿದ್ದನೇನೋ.

"ಎಲ್ಲ ಸಾಮಾನೂ?"

"ಎಲ್ಲವೂ. ಚಾಕು, ಕತ್ತರಿ, ಕಾರು."

"ಒಂದು ದಿನ."

"ಒಂದು ದಿನ."

ಪಕ್ಕದ ಸಾಲಿನಲ್ಲಿ ಮಾದರಿಗೆ ಹಾಕಿದ್ದ ಡೇರೆಯ ಮುಂದೆ ಮಾರಾಟಕ್ಕಿಟ್ಟಿದ್ದ ಮಡಿಚುವ ಕುರ್ಚಿಯ ಮೇಲೆ ಅವನು ಕುಳಿತುಬಿಟ್ಟ. ಬಹಳ ಹೊತ್ತು ಕುಳಿತಿದ್ದ. ನಾನು ಗಣಿತದ ಪುಸ್ತಕ ತೆರೆದು ಅವನ ಕಡೆ ಒಂದು ಕಣ್ಣಿಟ್ಟೆ. ಆಮೇಲೆ ಎದ್ದ. ಕುರ್ಚಿಯನ್ನು ಮೊದಲಿದ್ದ ಹಾಗೆ ಸರಿಯಾಗಿ ಇಟ್ಟ. ಹೊರಟು ಹೋದ.

ಮರುದಿನ ಅವನಿಗಾಗಿ ಕಾದೆ. ಬರಲಿಲ್ಲ. ಆಮೇಲೂ ಕೌಂಟರಿಗೆ ಬರಲಿಲ್ಲ. ಆ ತಿಂಗಳ ಕೊನೆಯಲ್ಲಿ ಅಂಗಡಿಯ ಬಾಗಿಲಲ್ಲಿ ಕುಂಬಳಕಾಯಿ ರಾಶಿ ಹಾಕಿದ್ದಾಗ ಕಂಡ. ಒಬ್ಬಳು ಪುಟ್ಟ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಅವಳು ಬೆರಳು ತೋರಿಸಿದ ಕಾಯಿಯನ್ನೆಲ್ಲ ಎತ್ತಿ ಎತ್ತಿ ತೋರಿಸುತ್ತಿದ್ದ. ನನ್ನನ್ನು ನೋಡಿ ಕಾಯಿ ಹಿಡಿದಿದ್ದ ಕೈಯನ್ನೇ ಸ್ವಲ್ಪ ಮೇಲೆತ್ತಿದ. ನಾನೂ ಕೈ ಎತ್ತಿದೆ. ಆ ಸಂಜೆ ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಏನೂ ಇಲ್ಲದೆಯೂ ಇರಬಹುದು. ಆದರೆ ಕುಂಬಳಕಾಯಿ ಹಿಡಿದಿದ್ದ ಆ ಕೈ ನೆನಪಾದಾಗಲೆಲ್ಲ ಇವತ್ತಿಗೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ.

ಮಳೆಗಾಲ ಶುರುವಾಗುವ ಹೊತ್ತಿಗೆ, ಅಲ್ಲಿ ಅದು ಚಳಿಯ ಜೊತೆಗೆ ಬರುವುದು, ಗಾಳಿಸುದ್ದಿ ಎದ್ದಿತು. ಕಂಪನಿಯ ದೊಡ್ಡ ಕಚೇರಿಯಿಂದ ಕೋಟು ತೊಟ್ಟ ಇಬ್ಬರು ಬಂದು ಮ್ಯಾನೇಜರ ಕೋಣೆಯಲ್ಲಿ ಕುಳಿತು ಹೋದರು. ಅಂಗಡಿ ಅಂಗಡಿಗೂ ಹೋಗಿ, ಬಂದೂಕು ನಿಲ್ಲಿಸಿದರೆ ವ್ಯಾಪಾರ ಏನಾಗುತ್ತದೆ ಎಂದು ಕೇಳುತ್ತಿದ್ದಾರಂತೆ. ಬೆಳಗಿನವನು ಗಡ್ಡ ನೀವುತ್ತಾ ನಕ್ಕ. "ಈ ಕಣಿವೆಯಲ್ಲಿ ಚೆರ್ರಿ ಮರ ಒಂದೂ ಉಳಿಯದೆ ಹೋದೀತು, ಬಂದೂಕು ಹೋಗಲ್ಲ. ಪ್ರೊಫೆಸರ್, ನೀನು ನಿನ್ನ ಲೆಕ್ಕ ಮಾಡಿಕೋ."

ನೀವು ಏನೆಂದಿರಿ ಎಂದು ನಾನು ಮ್ಯಾನೇಜರನ್ನು ಕೇಳಿದೆ.

"ಒಂದು ಸಂಜೆ ನಮ್ಮ ಕಪಾಟು ತೆರೆಯಲೇ ಇಲ್ಲ, ಅಂಗಡಿ ಮುಳುಗಲಿಲ್ಲ ಅಂದೆ."

"ಯಾಕೆ ತೆರೆಯಲಿಲ್ಲ ಅಂತ ಕೇಳಲಿಲ್ಲವಾ?"

"ಕೇಳಿದರು. ಹಬ್ಬ ಇತ್ತು ಅಂದೆ."

ಆ ರಾತ್ರಿಯ ಊಟದ ಹೊತ್ತಿಗೇ ಅತ್ತೆ ಆಗದ ಮಾತು ಎಂದದ್ದು.

ಕ್ಯಾಲೆಂಡರು ಬದಲಾದ ಮೇಲೆ ಒಂದು ಮಧ್ಯಾಹ್ನ ಎಲ್ಲರನ್ನೂ ಸಾಮಾನು ಇಳಿಸುವ ಹಿಂಬಾಗಿಲಿಗೆ ಕರೆದರು. ಮ್ಯಾನೇಜರು ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಓದಿದರು. ಕುಟುಂಬಗಳು ಮಕ್ಕಳೊಂದಿಗೆ ಬರುವ ಅಂಗಡಿಗಳಲ್ಲಿ, ನಮ್ಮದೂ ಸೇರಿ, ಇನ್ನು ಬಂದೂಕು ಮಾರುವುದಿಲ್ಲ, ಗುಂಡೂ ಮಾರುವುದಿಲ್ಲ. ಇರುವ ದಾಸ್ತಾನನ್ನು ಹಿಂದಕ್ಕೆ ಕಳಿಸುವುದು. ಅಷ್ಟೇ.

ಹೊರಗೆ ಲಾರಿಯೊಂದು ಹಿಂದಕ್ಕೆ ಬರುವ ಸದ್ದು. ಬೆಟ್ಟ ಒಂದು ತಾನಾಗಿಯೇ ಎದ್ದು ಆಚೆ ಹೋಗಿ ಕೂತರೆ ಹೇಗಾಗಬೇಡ? ಯಾವ ಸರ್ಕಾರವೂ ಹೇಳಿರಲಿಲ್ಲ, ಕಾನೂನು ಕಟ್ಟಿ ಹಾಕಿರಲಿಲ್ಲ. ಕೈತುಂಬ ವ್ಯಾಪಾರವಿದ್ದ ಸರಕನ್ನು ಮಾರುವವನೇ ಸಾಕು ಎಂದುಬಿಟ್ಟಿದ್ದ. ವ್ಯಾಪಾರಿ ಹಾಗೆನ್ನುವುದನ್ನು ನಾನು ಹುಟ್ಟಿದೂರಿನಲ್ಲೂ ಕಂಡಿರಲಿಲ್ಲ, ಬಂದ ದೇಶದಲ್ಲೂ ಕಂಡಿರಲಿಲ್ಲ. ಒಂದು ನಿಮಿಷ ಹಾಗೆ ಬೆರಗಾಗಿ ನಿಂತಿದ್ದೆ. ಮರುನಿಮಿಷಕ್ಕೆ ನನ್ನ ಕಾಲ ಕೆಳಗಿನ ನೆಲ ನೆನಪಾಯಿತು. ಕಡೆಯ ಟರ್ಮು ಆಗಷ್ಟೇ ಶುರುವಾಗಿತ್ತು.

ಮ್ಯಾನೇಜರ ಕೋಣೆಗೆ ಹೋದೆ. ಬೆಳಗಿನ ಪಾಳಿ ಕೊಡಬಲ್ಲೆ, ಸಂಜೆಗೆ ಬೇರೆಲ್ಲೂ ಜಾಗವಿಲ್ಲ ಎಂದರು. ಬೆಳಿಗ್ಗೆ ನನ್ನ ಕ್ಲಾಸುಗಳು. ಇದೇ ಕಡೆಯ ಟರ್ಮು ಎಂದೆ.

"ಪರೀಕ್ಷೆ ಯಾವಾಗ ಮುಗಿಯುತ್ತದೆ?" ಎಂದರು.

"ಮೇ ತಿಂಗಳಲ್ಲಿ."

ಅವರು ಹೂಂ ಎಂದು ಫೋನು ಎತ್ತಿಕೊಂಡರು.

ಬಂದೂಕುಗಳನ್ನು ಪ್ಯಾಕು ಮಾಡಿದ್ದು ನಾನು ಮತ್ತು ಗಡ್ಡದವನು. ಅವನು ಒಂದೊಂದನ್ನೂ ಎಣ್ಣೆ ಬಟ್ಟೆಯಿಂದ ತಲೆಯಿಂದ ಹಿಡಿಯವರೆಗೆ ಒರೆಸಿ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಪೆಟ್ಟಿಗೆಯೊಳಗೆ ಮಲಗಿಸುತ್ತಿದ್ದ. ಅವನಿಗೆ ಸಿಟ್ಟಿತ್ತು. ಕಂಪನಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಆದರೆ ಕೈ ಬೈಯುತ್ತಿರಲಿಲ್ಲ. ನಮ್ಮತ್ತೆ ಇದನ್ನು ನೋಡಿದ್ದರೆ ಇವನನ್ನು ನಮ್ಮವನೇ ಎನ್ನುತ್ತಿದ್ದರು ಎಂದುಕೊಂಡೆ. ಗುಂಡಿನ ಪೆಟ್ಟಿಗೆಗಳು ಹೋದವು, ಪಿಸ್ತೂಲುಗಳು ಹೋದವು, ಉದ್ದದವು ಹೋದವು. ಕೊನೆಗೆ ಉಳಿದದ್ದು ಒಂದು ರೈಫಲ್ಲು, ಹಿಡಿಯ ಮೇಲೆ ಗೀರು ಬಿದ್ದಿದ್ದರಿಂದ ಯಾರೂ ಕೊಳ್ಳದೆ ಬಿಟ್ಟದ್ದು.

ಅದನ್ನು ಮಲಗಿಸಲು ಪೆಟ್ಟಿಗೆ ಹುಡುಕುತ್ತಿದ್ದಾಗ ಮ್ಯಾನೇಜರು ಬಂದರು. "ಅದರ ಪೆಟ್ಟಿಗೆ ಸಿಗುತ್ತಿಲ್ಲ," ಎಂದರು. "ಸಿಗುವ ತನಕ ಕಪಾಟಿನಲ್ಲೇ ಇರಲಿ. ನಿಯಮ ಗೊತ್ತಲ್ಲ? ಒಂದೇ ಇದ್ದರೂ ಸಂಜೆ ಒಬ್ಬರು ನಿಂತಿರಬೇಕು."

"ಎಷ್ಟು ದಿನ?" ಎಂದೆ.

"ನನಗೇನು ಗೊತ್ತು? ಮೇ ಹೊತ್ತಿಗೆ ಸಿಕ್ಕೀತು."

ಅವರ ಕೋಣೆಯ ಬೀರುವಿನ ಮೇಲೆ ಆ ಉದ್ದನೆಯ ಪೆಟ್ಟಿಗೆ ನಾನು ನಿಂತಲ್ಲಿಗೇ ಕಾಣುತ್ತಿತ್ತು. ಗಡ್ಡದವನಿಗೂ ಕಾಣುತ್ತಿತ್ತು. ಅವನು ಒಮ್ಮೆ ಅದನ್ನು ನೋಡಿ, ನನ್ನನ್ನು ನೋಡಿ, ಎಣ್ಣೆ ಬಟ್ಟೆ ಮಡಿಚಿ ಜೇಬಿಗಿಟ್ಟುಕೊಂಡ. ಮಾರಾಟ ನಿಂತದ್ದಕ್ಕೆ ಎಲ್ಲರಿಗಿಂತ ಹೆಚ್ಚು ಉರಿದವನು ಅವನು. ಪೆಟ್ಟಿಗೆಯ ವಿಷಯ ಮಾತ್ರ ಒಬ್ಬರ ಹತ್ತಿರವೂ ಬಾಯಿಬಿಡಲಿಲ್ಲ.

ಹೀಗೆ ಆ ಟರ್ಮು ಪೂರ್ತಿ ನಾನು ಮಾರಲಿಕ್ಕಿಲ್ಲದ ಒಂದು ಬಂದೂಕನ್ನು ಕಾದೆ. ಬೇಕೆಂದು ಬಂದವರಿಗೆ ಇದು ಮಾರಾಟಕ್ಕಿಲ್ಲ ಎಂದೆ. "ಮತ್ತೆ ಯಾಕಿಟ್ಟಿದ್ದೀರಿ?" ಎಂದರೆ "ಪೆಟ್ಟಿಗೆ ಇಲ್ಲ" ಎಂದೆ. ಜನ ತಲೆ ಕೆರೆದುಕೊಂಡು ಮೀನಿನ ಗಾಳದ ಸಾಲಿಗೆ ಹೋಗುತ್ತಿದ್ದರು. ಉಳಿದ ಹೊತ್ತೆಲ್ಲ ಓದು. ಕೌಂಟರಿನ ಮೇಲೆ ಹಾಳೆ ಹರಡಿ ಲೆಕ್ಕ ಬಿಡಿಸುತ್ತಿದ್ದರೆ ಪಕ್ಕದ ಕಪಾಟಿನಲ್ಲಿ ಆ ಬಂದೂಕಿನ ನಳಿಗೆ ಕಾಣುತ್ತಿತ್ತು. ಗಡ್ಡದವನು ಪಾಳಿ ಬಿಡುವಾಗ ದಿನವೂ ಕೇಳುವನು: "ಪ್ರೊಫೆಸರ್, ನಿನ್ನ ಸಹಪಾಠಿ ಚೆನ್ನಾಗಿದ್ದಾನಾ? ಅವನೂ ಪಾಸಾಗುತ್ತಾನಾ?"

ಮನೆಯಲ್ಲಿ ಹೇಳಿದರೆ ಅತ್ತೆ ನಂಬಲೇ ಇಲ್ಲ. "ಮಾರ್ದೇ ಇರೋ ಕೋವಿ ಕಾಯಾಕೆ ಸಂಬಳವಾ? ಯಾರಿಗ್ ಹೇಳ್ತೀಯಾ?" ಒಂದು ಭಾನುವಾರ ಅವರೇ ಹೊರಟರು. ಸೀರೆಯ ಮೇಲೆ ಮಗನ ಸ್ವೆಟರು, ಕಾಲಿಗೆ ಕ್ಯಾನ್‌ವಾಸ್ ಶೂ. ಮೊದಲು ಒಂದು ಸಲ ಬಂದು ಆ ಸಾಲು ನೋಡಿ, "ಪಟೇಲರ ಮನೇಲಿ ಒಂದಿತ್ತು, ಇಲ್ಲಿ ಪಟೇಲರೇ ಒಂದ್ ಊರ್ ತುಂಬ ಅವ್ರಲ್ಲಪ್ಪ" ಎಂದು ಬಾಯಿ ಮೇಲೆ ಬೆರಳಿಟ್ಟಿದ್ದವರು. ಈ ಸಲ ಕಪಾಟಿನ ಮುಂದೆ ನಿಂತು, ಬಂದೂಕು ಸಿಕ್ಕಿಸುತ್ತಿದ್ದ ಖಾಲಿ ಕಚ್ಚುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಹಸಿರು ಬಟ್ಟೆಯ ಮೇಲೆ ಬಂದೂಕುಗಳು ಒರಗಿದ್ದ ಕಡೆಯಲ್ಲೆಲ್ಲ ಗುರುತು ಉಳಿದಿತ್ತು.

"ನಿಜ್ವಾಗ್ಲೂ ಬುಟ್ಬುಟ್ರಾ?"

"ಬಿಟ್ಟರು ಅತ್ತೆ."

"ಯಾರೂ ಹೊಡೆದಾಡ್ನಿಲ್ವಾ?"

"ಬೈದರು. ಹೊಡೆದಾಡಲಿಲ್ಲ."

"ಮತ್ತೆ ಇದೊಂದು?"

"ಇದು ನನಗೋಸ್ಕರ ಇಟ್ಟಿರೋದು. ಪರೀಕ್ಷೆ ಮುಗಿಯೋ ತನಕ."

ಅವರು ಗಾಜಿಗೆ ಅಂಗೈ ಆನಿಸಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಅದು ಬಂದೂಕಿಗೋ ಖಾಲಿ ಜಾಗಕ್ಕೋ ನನಗೆ ತಿಳಿಯಲಿಲ್ಲ. ಮ್ಯಾನೇಜರು ದೂರದಿಂದ ತಲೆಬಾಗಿದರು. ಅತ್ತೆಯೂ ತಲೆಬಾಗಿದರು. ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ ಒಂದೇ ಮಾತು: "ಒಂದಾಯ್ತು. ಇನ್ನೊಂದ ನೋಡಾವ."

ಪರೀಕ್ಷೆ ಮುಗಿದ ಮರುದಿನ ಪೆಟ್ಟಿಗೆ ಸಿಕ್ಕಿತು. ಮ್ಯಾನೇಜರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ನೋಡು, ಇಲ್ಲೇ ಇತ್ತು," ಎಂದರು. ನಾನು ಬೀಗ ತೆಗೆದೆ. ಗಡ್ಡದವನು ಒರೆಸಿದ, ಮಲಗಿಸಿದ. ಬೀಗದಕೈಯನ್ನು ಸೊಂಟದಿಂದ ಬಿಚ್ಚಿ ಮ್ಯಾನೇಜರ ಕೈಗೆ ಕೊಟ್ಟೆ. ಅದರ ತೂತಿನ ಅಂಚಿನಲ್ಲಿ ಅರಿಶಿನ ಇನ್ನೂ ಸ್ವಲ್ಪ ಉಳಿದಿತ್ತು. ಅವರು ಅದನ್ನು ಉಗುರಿನಲ್ಲಿ ಕೆರೆಯಲು ಹೋಗಿ, ಹಾಗೇ ಬಿಟ್ಟು ಜೇಬಿಗೆ ಹಾಕಿಕೊಂಡರು. ಕೆಲವು ವಾರ ಬಿಟ್ಟು ಅಂಗಡಿಗೆ ಹೋದಾಗ ಆ ಕಚ್ಚುಗಳಲ್ಲಿ ಮೀನು ಹಿಡಿಯುವ ಕೋಲುಗಳು ನಿಂತಿದ್ದವು. ಹೇಳಿ ಮಾಡಿಸಿದ ಹಾಗೆ ಕೂತಿದ್ದವು.

ಪದವಿ ಪ್ರದಾನದ ದಿನ ಅತ್ತೆ ಬಿಸಿಲಿನಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಕಪ್ಪು ನಿಲುವಂಗಿಯ ಸಾವಿರ ಜನರ ನಡುವೆ ನನ್ನನ್ನು ಹುಡುಕಿ, "ಅಗೋ, ಜಡೆ ಇರೋದೇ ನಮ್ದು," ಎಂದರಂತೆ. ವೇದಿಕೆ ಹತ್ತಿ ಕೈಕುಲುಕಿ ಇಳಿದು ಬಂದು ರಟ್ಟಿನ ಹೊದಿಕೆಯನ್ನು ಅವರ ಕೈಗೆ ಕೊಟ್ಟೆ. ಬಿಡಿಸಿ ನೋಡಿದರು.

"ಒಳಗೆ ಏನೂ ಇಲ್ವಲ್ಲಮ್ಮಿ!"

ನಿಜ. ಅಲ್ಲಿ ಆ ದಿನ ಕೊಡುವುದು ಬರೀ ಹೊದಿಕೆ. ಅಂಕವೆಲ್ಲ ನೋಡಿದ ಮೇಲೆ ನಿಜವಾದ ಕಾಗದ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಎಷ್ಟು ಬಿಡಿಸಿ ಹೇಳಿದರೂ ಅತ್ತೆಗೆ ಸಮಾಧಾನವಾಗಲಿಲ್ಲ. "ಅಷ್ಟ್ ಜನುಕ್ಕೂ ಖಾಲಿ ಕೊಟ್ಟವ್ರಾ? ಕೇಳ್ದೋರೇ ಇಲ್ವಾ?" ಬೇಸಿಗೆಯೆಲ್ಲ ಟಪಾಲಿನವನ ಗಾಡಿ ನಿಂತಾಗಲೆಲ್ಲ ಕಿಟಕಿಗೆ ಹೋಗುತ್ತಿದ್ದರು. ಹತ್ತಿರದ ಶಾಲೆಯೊಂದು ಗಣಿತ ಹೇಳಿಕೊಡಲು ಸಹಾಯಕಿಯಾಗಿ ನನ್ನನ್ನು ತೆಗೆದುಕೊಳ್ಳಲು ಒಪ್ಪಿತ್ತು. ಕಾಗದ ತಂದು ತೋರಿಸಿ, ಅವತ್ತೇ ಸೇರಿಕೊಳ್ಳಿ ಎಂದಿದ್ದರು.

ಅದು ಬಂದದ್ದು ಆಯುಧಪೂಜೆಯ ದಿನ. ಮುಂಚಿನ ದಿನವೋ ಮಾರನೆಯ ದಿನವೋ ಬಂದಿದ್ದರೂ ಬರೆಯುವಾಗ ಹೀಗೇ ಅನ್ನುತ್ತಿದ್ದಳು ಎಂದುಕೊಂಡೀರಿ. ಇಲ್ಲ, ಆ ದಿನವೇ. ಅತ್ತೆ ಮಣೆ ಹಾಕಿ ಈಳಿಗೆ, ಚಾಕು, ಕತ್ತರಿ ಇಟ್ಟು ಮುಗಿಸಿದ್ದರು. ಚಾಕುವಿನ ಪಕ್ಕ, ಹಿಂದಿನ ವರ್ಷ ಬೀಗದಕೈ ಇದ್ದ ಜಾಗ ಬರಿದಾಗಿತ್ತು. ನಾನು ಲಕೋಟೆಯಿಂದ ಕಾಗದ ಹೊರಗೆಳೆದು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡ ಅವರು ಮೊದಲು ಹಿಂದೆ ತಿರುಗಿಸಿ ನೋಡಿದರು, ಆಮೇಲೆ ಮುಂದೆ. ಬಂಗಾರ ಬಣ್ಣದ ಮುದ್ರೆಯ ಉಬ್ಬನ್ನು ಹೆಬ್ಬೆರಳಿನಿಂದ ಸವರಿದರು.

"ಇದ್ರಾಗೆ ನಿನ್ ಹೆಸ್ರು ಎಲ್ಲದೆ?"

ನಾನು ಅವರ ಬೆರಳನ್ನೇ ಹಿಡಿದು ಹೆಸರಿನ ಮೇಲೆ ಇಟ್ಟೆ. ಬೆರಳು ಅಕ್ಷರದಿಂದ ಅಕ್ಷರಕ್ಕೆ ಕೊನೆಯ ತನಕ ತೆವಳಿತು. ಕಣ್ಣಲ್ಲಿ ನೀರು ಬರುತ್ತದೇನೋ ಎಂದುಕೊಂಡೆ. ಬರಲಿಲ್ಲ, ಅವರು ಅಂಥವರಲ್ಲ. ಕಾಗದವನ್ನು ಚಾಕುವಿನ ಪಕ್ಕದ ಬರಿದು ಜಾಗದಲ್ಲಿ ಮಡಗಿ, ಕುಂಕುಮದ ಬಟ್ಟಲಿಗೆ ಬೆರಳದ್ದಿದರು. "ಅತ್ತೆ, ಕಾಗದದ ಮೇಲೆ..." ಎನ್ನುವಷ್ಟರಲ್ಲಿ ಮೂಲೆಯಲ್ಲಿ ಒಂದು ಬೊಟ್ಟು ಬಿದ್ದಾಗಿತ್ತು. ಶಾಲೆಯವರಿಗೆ ಇವತ್ತೇ ಹೋಗಿ ತೋರಿಸಿ ಬರುತ್ತೇನೆ ಎಂದು ನಾನು ಕೈ ಚಾಚಿದೆ. ಅವರು ಮಣಿಕಟ್ಟು ಹಿಡಿದುಕೊಂಡರು.

"ಇವತ್ತು ಮುಟ್ಬೇಡ ಕಣಮ್ಮಿ. ಇದೂ ಒಂದಿನ ಸುಮ್ಕಿರ್ಲಿ. ನಾಳೆ ಬೆಳಿಗ್ಗೆ ಎತ್ಕೊಂಡು ಕೆಲಸಕ್ಕೆ ನಡಿ."